ಕೂಸಿನ ತಲೆ, ಹಿರಿಯರ ಎಚ್ಚರ

ಈ ಸಲದ ಪಾಠದ ವಿಷಯ ಕೂಸುಗಳ ಹಾಗೂ ಚಿಕ್ಕ ಮಕ್ಕಳ ತಲೆಗೆ ಆಗುವ ಪೆಟ್ಟು, ಅದನ್ನು ತಡೆಯುವ ಬಗೆ. ಮನೆಯಲ್ಲಿ ಓದು ಬಲ್ಲವರು ಯಾರಾದರೂ ಒಬ್ಬರು ಇದನ್ನು ಗಟ್ಟಿಯಾಗಿ ಓದಿರಿ. ಕೂಸು ಎರೆಯುವ ಅಜ್ಜಿಯರು, ಮೋಟಾರ್ ಸೈಕಲ್ ಓಡಿಸುವ ಅಣ್ಣತಮ್ಮಂದಿರು ಅವಶ್ಯವಾಗಿ ಕೇಳಬೇಕು. ತಾಯಿಯೊಬ್ಬಳೇ ಕೇಳಿದರೆ ಸಾಲದು. ಕೂಡು ಮನೆಯಲ್ಲಿ ಕೂಸು ತಾಯಿಯ ಕೈಯಲ್ಲಿ ಇರುವುದಕ್ಕಿಂತ ಉಳಿದವರ ಕೈಯಲ್ಲಿ ಇರುವುದೇ ಹೆಚ್ಚು.

ಮಗು ಬೀಳದೆ ನಡೆಯುವುದನ್ನು ಕಲಿಯುವುದಿಲ್ಲ. ಅಂಗಳದಲ್ಲಿ ದಿನಕ್ಕೆ ಹತ್ತು ಸಲ ಬಿದ್ದು ಹತ್ತು ಸಲ ಏಳುವ ಮಗುವಿಗೆ ಏನೂ ಆಗುವುದಿಲ್ಲ, ಆಗಲೂಬಾರದು. ಬೀಳುವುದನ್ನು ತಪ್ಪಿಸಲು ನಮ್ಮಿಂದ ಆಗದು. ಆದರೆ ಎಷ್ಟು ಎತ್ತರದಿಂದ ಬೀಳುತ್ತದೆ, ಯಾವುದರ ಮೇಲೆ ಬೀಳುತ್ತದೆ ಎಂಬುದು ಪೂರ್ತಿ ಹಿರಿಯರ ಕೈಯಲ್ಲಿದೆ. ಈ ಪಾಠವನ್ನು ಆ ಎತ್ತರದ ಲೆಕ್ಕದ ಮೇಲೆಯೇ ಬರೆದಿದ್ದೇವೆ.

ಕೂಸು ಬಿದ್ದರೆ ತಲೆಯೇ ಏಕೆ ಮೊದಲು ನೆಲಕ್ಕೆ ಬಡಿಯುತ್ತದೆ? ಹುಟ್ಟಿದ ಕೂಸಿನ ಮೈಯುದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ ಇರುತ್ತದೆ. ಬೆಳೆದವರಲ್ಲಿ ಅದು ಎಂಟರಲ್ಲಿ ಒಂದು ಭಾಗ. ಮೇಲೆ ಭಾರ, ಕೆಳಗೆ ಹಗುರ. ತುಂಬಿದ ಕೊಡವನ್ನು ಬಡಿಗೆಯ ತುದಿಗೆ ಕಟ್ಟಿದಂತೆ. ಕುತ್ತಿಗೆಯ ನರಗಳಿಗೆ ಅದನ್ನು ಹಿಡಿಯುವ ಬಲ ಇನ್ನೂ ಬಂದಿರುವುದಿಲ್ಲ. ತಲೆಬುರುಡೆ ತೆಳುವಾಗಿರುತ್ತದೆ, ಅದರ ಎಲುಬುಗಳು ಇನ್ನೂ ಒಂದಕ್ಕೊಂದು ಕೂಡಿರುವುದಿಲ್ಲ. ಅವು ಕೂಡದೆ ಉಳಿದ ಮೆತ್ತನೆಯ ಜಾಗವೇ ನೆತ್ತಿ. ಹಿಂಭಾಗದ ಚಿಕ್ಕ ನೆತ್ತಿ ಎರಡು ಮೂರು ತಿಂಗಳಲ್ಲಿ ಮುಚ್ಚಿದರೆ, ಮುಂಭಾಗದ್ದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಮುಚ್ಚುತ್ತದೆ. ಒಳಗಿನ ಮಿದುಳಾದರೋ ಹುಟ್ಟಿದಾಗ 350 ಗ್ರಾಂ ಆಸುಪಾಸು ಇದ್ದದ್ದು ಎರಡು ವರ್ಷಕ್ಕೆ ದೊಡ್ಡವರ ಮಿದುಳಿನ ಮುಕ್ಕಾಲು ಪಾಲಿನಷ್ಟು ಬೆಳೆಯುತ್ತದೆ. ಇಷ್ಟು ಬಿರುಸಾಗಿ ಬೆಳೆಯುವ ಹೊತ್ತಿನಲ್ಲಿ ಬಿದ್ದ ಪೆಟ್ಟು ಮುಂದೆ ಮಾತು, ನಡಿಗೆ, ಓದು ಎಲ್ಲದರ ಮೇಲೂ ಉಳಿಯಬಹುದು. ಕಾಲಿನ ಎಲುಬು ಮುರಿದರೆ ಕೂಡುತ್ತದೆ, ಸತ್ತ ಮಿದುಳಿನ ಭಾಗ ಮರಳಿ ಬರುವುದಿಲ್ಲ.

ಇನ್ನು ಎತ್ತರದ ಲೆಕ್ಕ. ಅಳೆಯುವ ಟೇಪು ನಮ್ಮ ವ್ಯಾಪಾರಿ ಬಂಧುಗಳ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಒಂದು ದಿನ ಅದನ್ನು ಮನೆಗೆ ತಂದು, ಕೂಸನ್ನು ಮಲಗಿಸುವ, ಕೂರಿಸುವ ಎಲ್ಲ ಜಾಗಗಳನ್ನೂ ಅಳೆದು ನೋಡಿರಿ. ಹೊರಸು ಒಂದೂವರೆ ಅಡಿ, ಮಂಚ ಎರಡು ಅಡಿ, ಅಂಗಡಿಯ ಕೌಂಟರ್ ಮೂರೂವರೆ ಅಡಿ, ಮಾಳಿಗೆ ಹತ್ತು ಹನ್ನೆರಡು ಅಡಿ, ಹೀಗೆ ಬರುತ್ತದೆ. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಹೆಚ್ಚು ಎತ್ತರದಿಂದ, ಅದಕ್ಕೂ ದೊಡ್ಡ ಮಗು ಐದು ಅಡಿಗಿಂತ ಹೆಚ್ಚು ಎತ್ತರದಿಂದ ಬಿದ್ದರೆ ವೈದ್ಯರು ಅದನ್ನು ಗಂಭೀರ ಬೀಳುವಿಕೆ ಎಂದೇ ಹಿಡಿಯುತ್ತಾರೆ. ಎಂದರೆ ಗಲ್ಲಾಪೆಟ್ಟಿಗೆಯ ಪಕ್ಕ ಮೊಮ್ಮಗನನ್ನು ಕೂರಿಸಿಕೊಂಡು ವ್ಯಾಪಾರ ಮಾಡುವ ಅಜ್ಜ ಆ ಗೆರೆಯನ್ನು ಆಗಲೇ ದಾಟಿದ್ದಾನೆ. ಗಿರಾಕಿಗೆ ಚಿಲ್ಲರೆ ಎಣಿಸಲು ಎರಡೂ ಕೈ ಬೇಕು. ಆ ಹೊತ್ತಿನಲ್ಲಿ ಕೂಸನ್ನು ಹಿಡಿದವರಾರು? ಅಡತಿ ಅಂಗಡಿಯಲ್ಲಿ ಚೀಲಗಳ ಥಪ್ಪಿಯ ಮೇಲೆ ಮಕ್ಕಳು ಹತ್ತಿ ಆಡುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

ಕೂಸು ಮೂರು ನಾಲ್ಕು ತಿಂಗಳಿಗೆ ಮಗ್ಗಲು ಹೊರಳಲು ಆರಂಭಿಸುತ್ತದೆ. ಮೊದಲ ಸಲ ಯಾವಾಗ ಹೊರಳುತ್ತದೆಂದು ಹೇಳಿ ಹೊರಳುವುದಿಲ್ಲ. ಆದ್ದರಿಂದ ಹುಟ್ಟಿದ ದಿನದಿಂದಲೇ ಮಂಚದ ಮೇಲೆ ಒಂಟಿಯಾಗಿ ಬಿಡುವುದು ಬೇಡ. ಪಕ್ಕದಲ್ಲಿ ತಲೆದಿಂಬು ಇಟ್ಟರೆ ಅದು ಗೋಡೆಯಾಗುವುದಿಲ್ಲ, ಕೂಸಿನ ಮುಖದ ಮೇಲೆ ಬಿದ್ದು ಉಸಿರು ಕಟ್ಟಿಸಬಹುದು. ನೆಲದ ಮೇಲೆ ಚಾಪೆ, ಅದರ ಮೇಲೆ ಕೌದಿಯನ್ನು ಬಿಗಿಯಾಗಿ ಹಾಸಿ ಅಂಗಾತ ಮಲಗಿಸಿರಿ. ನೆಲದಿಂದ ಕೆಳಗೆ ಬಿದ್ದ ಕೂಸಿಲ್ಲ. ಹೊಲದಲ್ಲಿ ಗಿಡಕ್ಕೆ ಸೀರೆಯ ಜೋಲಿ ಕಟ್ಟುವವರು ಹಳೆಯ, ಜೀರ್ಣವಾದ ಸೀರೆಯನ್ನು ಬಿಟ್ಟು ಗಟ್ಟಿಯಾದದ್ದನ್ನು ತೆಗೆದುಕೊಳ್ಳಬೇಕು. ಗಂಟನ್ನು ದಿನವೂ ಎಳೆದು ನೋಡಬೇಕು. ಜೋಲಿಯ ತಳ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಬಾಗುವುದು ತಾಯಿಗೆ ತುಸು ತ್ರಾಸು, ನಿಜ. ಅದನ್ನು ಸಹಿಸಿಕೊಳ್ಳುವುದೇ ಒಳ್ಳೆಯದು.

ನಮ್ಮ ಸೀಮೆಯ ಮನೆಗಳಲ್ಲಿ ಬಲು ದೊಡ್ಡ ಅಪಾಯ ಮಾಳಿಗೆ. ಜೋಳ, ಶೇಂಗಾ, ಮೆಣಸಿನಕಾಯಿ, ಹಪ್ಪಳ ಸಂಡಿಗೆ ಎಲ್ಲ ಒಣಗುವುದು ಅಲ್ಲಿಯೇ, ಬೇಸಿಗೆಯಲ್ಲಿ ಮಲಗುವುದೂ ಅಲ್ಲಿಯೇ, ಗಾಳಿಪಟ ಹಾರಿಸುವುದೂ ಅಲ್ಲಿಯೇ. ಹಳೆಯ ಮಣ್ಣಿನ ಮಾಳಿಗೆಗಳಿಗೆ ಕುಂಬಿ ಇದ್ದರೂ ಮೊಣಕಾಲೆತ್ತರ. ಹೊಸ ಆರ್.ಸಿ.ಸಿ. ಮನೆಗಳದ್ದು ಇನ್ನೊಂದು ಕಥೆ. ಮುಂದೆ ಎರಡನೆಯ ಅಂತಸ್ತು ಕಟ್ಟುವ ವಿಚಾರದಿಂದ ಕಂಬದ ಸರಳುಗಳನ್ನು ಹಾಗೆಯೇ ಬಿಟ್ಟು, ಕುಂಬಿಯನ್ನೇ ಕಟ್ಟದೆ ಹತ್ತು ವರ್ಷ ಕಳೆಯುತ್ತಾರೆ. ವಾಸ್ತುಶಾಂತಿಯ ಊಟಕ್ಕೆ ತೆಗೆದ ಹಣದಲ್ಲಿ ಸ್ವಲ್ಪ ಉಳಿಸಿದರೂ ಕುಂಬಿಗೆ ಇಟ್ಟಿಗೆ ಬಂದೀತು. ಎತ್ತರ ಮೂರೂವರೆ ಅಡಿಗೆ ಕಡಿಮೆಯಾಗಬಾರದು. ಕಬ್ಬಿಣದ ಕಟಾಂಜನ ಹಾಕಿಸುವವರು ಸರಳುಗಳನ್ನು ನಿಲುವಾಗಿ ಹಾಕಿಸಿರಿ. ಅಡ್ಡ ಸರಳು ಹಾಕಿದರೆ ಮಗುವಿಗೆ ನಾವೇ ನಿಚ್ಚಣಿಕೆ ಮಾಡಿಕೊಟ್ಟಂತೆ. ಎರಡು ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಬಿಡಬಾರದು. ಕುಂಬಿ ಇಲ್ಲದ ಮಾಳಿಗೆಗೆ ಹತ್ತುವ ಪಾವಟಿಗೆಯ ಬುಡದಲ್ಲಿ ಬಾಗಿಲು ಇಟ್ಟು ಚಿಲಕವನ್ನು ಮೇಲೆ ಹಾಕಿಸಿರಿ. ನಿಚ್ಚಣಿಕೆಯಾದರೆ ಕೆಲಸವಾದ ಕೂಡಲೇ ಅಡ್ಡ ಮಲಗಿಸಿರಿ. ಮಣ್ಣಿನ ಮಾಳಿಗೆಯ ಬೆಳಕಿಂಡಿಗಳನ್ನು ಮರೆಯಬೇಡಿರಿ. ಅವುಗಳ ಮೇಲೆ ತಗಡು ಮುಚ್ಚಿ ಕಲ್ಲು ಹೇರಿದರೆ ಸಾಲದು, ಮಗು ಆ ತಗಡಿನ ಮೇಲೆಯೇ ಕಾಲಿಡುತ್ತದೆ. ಒಳಗಿನಿಂದ ಕಬ್ಬಿಣದ ಜಾಲರಿ ಹಾಕಿಸಬೇಕು.

ಇದು ನಮ್ಮ ಹಳ್ಳಿಗಳ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಮಕ್ಕಳು ಎತ್ತರದ ಕಟ್ಟಡಗಳ ಕಿಟಕಿಯಿಂದ ಬಿದ್ದು ಸಾಯುವುದು ಹೆಚ್ಚಾದಾಗ, 1972ರಲ್ಲಿ ಅಲ್ಲಿಯ ಆರೋಗ್ಯ ಇಲಾಖೆ 'ಮಕ್ಕಳಿಗೆ ಹಾರಲು ಬರುವುದಿಲ್ಲ' ಎಂಬ ಅರ್ಥದ ಹೆಸರಿನ ಕಾರ್ಯಕ್ರಮ ಆರಂಭಿಸಿ ಮನೆ ಮನೆಗೆ ಕಿಟಕಿ ಸರಳುಗಳನ್ನು ಕೊಟ್ಟಿತು. 1976ರಲ್ಲಿ, ಚಿಕ್ಕ ಮಕ್ಕಳಿರುವ ಮನೆಗೆ ಮಾಲೀಕರು ಸರಳು ಹಾಕಿಸಲೇಬೇಕೆಂದು ಕಾನೂನಾಯಿತು. ಬೀಳುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ತಾಯಂದಿರಿಗೆ ಎಚ್ಚರಿಕೆ ಹೇಳಿದ್ದರಿಂದಷ್ಟೇ ಇಳಿದದ್ದಲ್ಲ, ಸರಳು ಹಾಕಿಸಿದ್ದರಿಂದ ಇಳಿಯಿತು. ನಮ್ಮ ವಿಚಾರವೂ ಇದೇ. ಮಗುವಿನ ಮೇಲೆ ಇಡೀ ದಿನ ಕಣ್ಣಿಡುತ್ತೇವೆ ಎನ್ನುವುದು ಬಾಯಿಮಾತು. ಕಣ್ಣು ಒಂದು ಕ್ಷಣ ತಪ್ಪಿಯೇ ತಪ್ಪುತ್ತದೆ, ಗೋಡೆ ತಪ್ಪುವುದಿಲ್ಲ.

ಪಂಚಮಿಯ ಜೋಕಾಲಿಯ ಬಗ್ಗೆ ಒಂದು ಮಾತು. ಹಬ್ಬದ ಜೋಕಾಲಿ ಬೇಡವೆನ್ನುವವರು ನಾವಲ್ಲ. ಆದರೆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಜೀಕುವುದು ಬೇಡ. ಜೋಕಾಲಿಯ ಹಿಂದೆ ಮುಂದೆ ಎರಡು ಮಾರು ಜಾಗವನ್ನು ಹಗ್ಗ ಕಟ್ಟಿ ಖಾಲಿ ಬಿಡಿಸಿರಿ. ತಿರುಗಿ ಬರುವ ಮಣೆ ಮೂರು ವರ್ಷದ ಮಗುವಿನ ತಲೆಯ ಎತ್ತರಕ್ಕೇ ಸರಿಯಾಗಿ ಇರುತ್ತದೆ.

ಗಾಲಿಯ ವಾಕರ್ ಈಗ ಹಳ್ಳಿಗಳಿಗೂ ಬಂದಿದೆ. ಐದಾರು ತಿಂಗಳ ಕೂಸನ್ನು ಅದರಲ್ಲಿ ಕೂರಿಸಿದರೆ ಬೇಗ ನಡೆಯುತ್ತದೆ ಎಂದು ತಿಳಿದು ಕೊಡಿಸುತ್ತಾರೆ. ಸಂಗತಿ ತಿರುವುಮುರುವಾಗಿದೆ. ವಾಕರಿನಲ್ಲಿ ಬೆಳೆದ ಮಕ್ಕಳು ಬೇಗ ನಡೆಯುವುದಿಲ್ಲ, ಕೆಲವರದ್ದು ತಡವೇ ಆಗುತ್ತದೆ. ಅದು ಒಂದು ಸೆಕೆಂಡಿನಲ್ಲಿ ಮೂರು ಅಡಿಗಿಂತ ಹೆಚ್ಚು ದೂರ ಉರುಳಬಲ್ಲದು. ನೀವು ಎದ್ದು ನಿಲ್ಲುವುದರೊಳಗೆ ಕೂಸು ಕಟ್ಟೆಯ ಅಂಚು ದಾಟಿ ತಲೆಕೆಳಗಾಗಿ ಬಿದ್ದಿರುತ್ತದೆ. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಆಟಿಗೆ ಸಾಮಾನು ಮಾರುವ ಭಕ್ತರಲ್ಲಿ ನಮ್ಮದೊಂದು ವಿನಂತಿ: ಒಂದು ವಾಕರಿನಲ್ಲಿ ಸಿಗುವ ಲಾಭ ಎಷ್ಟೆಂದು ನಿಮಗೆ ಗೊತ್ತು, ಅದು ನಿಮ್ಮ ಮೊಮ್ಮಗಳಿಗೆ ಕೊಡಿಸುವ ವಸ್ತುವೇ ಎಂದು ಕೇಳಿಕೊಂಡು ಮಾಲು ತರಿಸಿರಿ. ಮಗು ತಾನೇ ಎದ್ದು ನಿಂತು ತಳ್ಳುವ ಹಳೆಯ ಮೂರು ಗಾಲಿಯ ಮರದ ಬಂಡಿ, ಮರಾಠಿಯವರು ಪಾಂಗುಳಗಾಡಾ ಎನ್ನುತ್ತಾರಲ್ಲ, ಅದು ವಾಸಿ. ಕಟ್ಟೆ, ಪಾವಟಿಗೆಗಳಿಂದ ದೂರ, ಸಮತಟ್ಟಾದ ಅಂಗಳದಲ್ಲಿ ಇರಬೇಕು ಅಷ್ಟೆ.

ವೇಗವೂ ಒಂದು ಎತ್ತರವೇ ಎಂಬುದು ಬಹಳ ಜನರ ಲಕ್ಷ್ಯಕ್ಕೆ ಬಂದಿಲ್ಲ. ನಾವು ವಾಣಿಜ್ಯ ಓದಿದವರಾದರೂ ಹೈಸ್ಕೂಲಿನ ವಿಜ್ಞಾನದ ಲೆಕ್ಕ ಮಾಡಿ ನೋಡಿದ್ದೇವೆ. ತಾಸಿಗೆ 20 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿದರೆ ಐದು ಅಡಿ ಎತ್ತರದಿಂದ ಬಿದ್ದಂತೆ. 40 ಕಿ.ಮೀ. ಆದರೆ ಸುಮಾರು 20 ಅಡಿ. 60 ಕಿ.ಮೀ. ಆದರೆ 46 ಅಡಿ. ವೇಗ ಮೂರು ಪಟ್ಟಾದರೆ ಎತ್ತರ ಒಂಬತ್ತು ಪಟ್ಟಾಗುತ್ತದೆ, ಚಕ್ರಬಡ್ಡಿಗಿಂತ ಕೆಟ್ಟದ್ದು. ಮಾಳಿಗೆಯ ಅಂಚಿನಲ್ಲಿ ಮಗುವನ್ನು ಕೂರಿಸು ಎಂದರೆ ಯಾರೂ ಒಪ್ಪುವುದಿಲ್ಲ. ಅದೇ ಮಗುವನ್ನು ಮೋಟಾರ್ ಸೈಕಲ್ಲಿನ ಟಾಕಿಯ ಮೇಲೆ ಕೂರಿಸಿಕೊಂಡು ಸೊಲ್ಲಾಪುರ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುತ್ತಾರೆ. ಎದುರಿಗೆ ನಾಯಿ ಅಡ್ಡ ಬಂದು ಬ್ರೇಕು ಹಾಕಿದರೆ ಮೊದಲು ಹಾರಿ ಬೀಳುವುದು ಆ ಮಗು.

ಕೇಂದ್ರ ಸರಕಾರದ 2022ರ ಮೋಟಾರು ವಾಹನ ನಿಯಮದಂತೆ, 2023ರ ಫೆಬ್ರುವರಿಯಿಂದ, ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಮಗುವನ್ನು ಓಡಿಸುವವನಿಗೆ ಬಿಗಿಯುವ ಪಟ್ಟಿ ಇರಬೇಕು, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ನಾಲ್ಕು ವರ್ಷ ದಾಟಿದವರಿಗೆ ದೊಡ್ಡವರಂತೆಯೇ ಹೆಲ್ಮೆಟ್ ಕಡ್ಡಾಯ. ಅಪ್ಪನ ಹೆಲ್ಮೆಟ್ಟನ್ನು ಮಗುವಿಗೆ ಹಾಕಿದರೆ ಉಪಯೋಗವಿಲ್ಲ, ಬಿದ್ದಾಗ ಅದು ತಲೆಗಿಂತ ಮೊದಲೇ ಕಳಚಿ ಹೋಗುತ್ತದೆ. ಒಂಬತ್ತು ತಿಂಗಳೊಳಗಿನ ಕೂಸಿನ ಕುತ್ತಿಗೆ ಹೆಲ್ಮೆಟ್ಟಿನ ಭಾರ ತಾಳದು. ಆ ಕೂಸಿಗೆ ಎಸ್.ಟಿ. ಬಸ್ಸೇ ಸರಿ, ಒಂದು ತಾಸು ತಡವಾದರೂ ಚಿಂತೆಯಿಲ್ಲ. ಮಠದ ಜಾತ್ರೆಗೆ ಬರುವ ಭಕ್ತರೂ ಇದನ್ನು ಗಮನಿಸತಕ್ಕದ್ದು. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಾರದು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸುವುದಂತೂ ಎಂದೆಂದಿಗೂ ಕೂಡದು. ಅಲ್ಲಿಂದ ಜಾರಿದರೆ ಬೀಳುವುದು ದೊಡ್ಡ ಗಾಲಿಯ ಬುಡಕ್ಕೇ. ಕಬ್ಬು ಕಡಿಯುವ ಕಾಲದಲ್ಲಿ ಟ್ರೇಲರಿನ ಕಬ್ಬಿನ ಮೇಲೆ ಕುಳಿತು ಬರುವ ಕೂಲಿಯವರ ಮಕ್ಕಳನ್ನೂ ನಮ್ಮ ಮಕ್ಕಳೆಂದೇ ತಿಳಿದು ಹೊಲದ ಯಜಮಾನರು ತಡೆಯಬೇಕು.

ಬೀಳದೆಯೂ ಮಿದುಳಿಗೆ ಪೆಟ್ಟಾಗುವ ಒಂದು ಬಗೆಯಿದೆ. ಅದು ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸುವುದು. 1971ರಲ್ಲಿ ಇಂಗ್ಲೆಂಡಿನ ಮಿದುಳು ಶಸ್ತ್ರಚಿಕಿತ್ಸಕ ಗಥ್‌ಕೆಲ್ಚ್ ಎಂಬವರು, ಅದರ ಹಿಂದೆಯೇ ಅಮೆರಿಕದ ಡಾಕ್ಟರ್ ಕ್ಯಾಫಿ ಎಂಬವರು ಇದನ್ನು ತೋರಿಸಿಕೊಟ್ಟರು. ಹೊರಗೆ ಒಂದು ಗಾಯವೂ ಇಲ್ಲದೆ ತಲೆಯೊಳಗೆ ರಕ್ತ ಸೋರಿರುತ್ತದೆ. ಕುತ್ತಿಗೆ ನಿಲ್ಲದ ಕೂಸಿನ ತಲೆ ಹಿಂದೆ ಮುಂದೆ ಬೀಸಿದಾಗ, ಮಿದುಳಿನಿಂದ ಅದರ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಹರಿಯುತ್ತವೆ. ಇದನ್ನು ದುಷ್ಟರು ಮಾತ್ರ ಮಾಡುತ್ತಾರೆಂದು ತಿಳಿಯಬೇಡಿರಿ. ಎರಡು ರಾತ್ರಿ ನಿದ್ದೆಗೆಟ್ಟ ತಂದೆ, ತಾಯಿ, ಅಕ್ಕ, ಯಾರಿಂದಲೂ ಸಿಟ್ಟಿನ ಒಂದು ಗಳಿಗೆಯಲ್ಲಿ ಆದೀತು. ಕೂಸಿನ ಅಳು ಒಂದೂವರೆ ತಿಂಗಳ ಹೊತ್ತಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಹಾಲು ಕುಡಿದಿದೆ, ಜ್ವರವಿಲ್ಲ, ಒದ್ದೆಯಾಗಿಲ್ಲ, ಆದರೂ ಅಳು ನಿಲ್ಲದಿದ್ದರೆ ಅದನ್ನು ನೆಲದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಬನ್ನಿರಿ. ಅತ್ತು ಸತ್ತ ಕೂಸಿಲ್ಲ. ಸೊಸೆ ಹಾಗೆ ಹೊರಗೆ ಬಂದಾಗ ಅತ್ತೆಯವರು 'ಎಂಥ ತಾಯಿ ಇವಳು' ಎನ್ನದೆ ಕೂಸನ್ನು ತಾವೆತ್ತಿಕೊಳ್ಳಬೇಕು. ತೊಟ್ಟಿಲು ತೂಗುವುದರಿಂದ, ತೊಡೆಯ ಮೇಲೆ ಆಡಿಸುವುದರಿಂದ ಹೀಗಾಗುವುದಿಲ್ಲ, ಅಂಜಬೇಕಾಗಿಲ್ಲ. ಮೇಲಕ್ಕೆ ಎಸೆದು ಹಿಡಿಯುವ ಆಟ ಮಾತ್ರ ಬೇಡ. ಹಿಡಿತ ಒಂದು ಸಲ ತಪ್ಪಿದರೆ ಅದು ಆರು ಅಡಿಯ ಲೆಕ್ಕ.

ಎರೆಯುವ ಅಜ್ಜಿಯರ ಕೈಗುಣದ ಬಗ್ಗೆ ನಮಗೆ ಗೌರವವಿದೆ. ಎಣ್ಣೆ ತಿಕ್ಕಿ ಬಿಸಿನೀರು ಎರೆದರೆ ಕೂಸು ಸುಖವಾಗಿ ಮಲಗುತ್ತದೆ. ಆದರೆ ಎಣ್ಣೆ ಹಚ್ಚಿದ ಕೂಸು ಕೈಯಿಂದ ಜಾರುತ್ತದೆ. ಕಾಲು ಹಿಡಿದು ತಲೆಕೆಳಗೆ ತೂಗುವುದು, ತಲೆ ದುಂಡಗಾಗಲೆಂದು ಒತ್ತುವುದು, ನೆತ್ತಿಯನ್ನು ತಟ್ಟುವುದು ಇಷ್ಟನ್ನು ಬಿಟ್ಟುಬಿಡಿರಿ. ನೆತ್ತಿ ತಗ್ಗಾಗಿ ಕಂಡರೆ ಅದು ಬಿದ್ದಿದೆ ಎಂದು ಎತ್ತಲು ಹೋಗಬಾರದು. ಭೇದಿ, ವಾಂತಿಯಿಂದ ಮೈಯ ನೀರು ಕಡಿಮೆಯಾದುದರ ಗುರುತು ಅದು, ಡಾಕ್ಟರ ಹತ್ತಿರ ಹೋಗಬೇಕು. ಹುಟ್ಟಿದ ಕೂಡಲೇ ತೊಡೆಗೆ ಕೊಡುವ ವಿಟಮಿನ್ ಕೆ ಇಂಜಕ್ಷನ್ನನ್ನು ತಪ್ಪಿಸಬಾರದು. ಅದು ಇಲ್ಲದ ಕೂಸಿಗೆ ಪೆಟ್ಟೇ ಬೀಳದೆಯೂ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು.

ಬರೆಯಲೋ ಬೇಡವೋ ಎಂದು ವಿಚಾರಿಸಿ ಬರೆಯುತ್ತಿರುವ ಸಂಗತಿಯೊಂದಿದೆ. ಸೊಲ್ಲಾಪುರ ಹತ್ತಿರದ ಮುಸ್ತಿಯ ದರ್ಗಾದಲ್ಲಿ ಹರಕೆಯೆಂದು ಕೂಸುಗಳನ್ನು ಬಹಳ ಎತ್ತರದಿಂದ, ಕೆಳಗೆ ಹಿಡಿದ ಬಟ್ಟೆಗೆ ಬಿಡುವ ಪದ್ಧತಿ 2009ರಲ್ಲಿ ಚಿತ್ರ ಸಮೇತ ದೇಶದ ತುಂಬ ಸುದ್ದಿಯಾಯಿತು. ವಿಜಯಪುರ, ಬಾಗಲಕೋಟೆ ಕಡೆಯ ಕೆಲವು ಗುಡಿಗಳಿಂದಲೂ ಅಂಥ ವರ್ತಮಾನ ಬಂದದ್ದುಂಟು. ಎಲ್ಲ ಜಾತಿ ಧರ್ಮದವರೂ ಅಲ್ಲಿ ಹರಕೆ ಹೊತ್ತವರೇ, ಆದ್ದರಿಂದ ಯಾರೊಬ್ಬರನ್ನೂ ಹಳಿಯಲು ಇದನ್ನು ಬರೆಯುತ್ತಿಲ್ಲ. ಬಟ್ಟೆ ಮೈಯನ್ನು ಹಿಡಿಯುತ್ತದೆ, ತಲೆ ಬೀಸುವುದನ್ನು ಹಿಡಿಯುವುದಿಲ್ಲ. ಮೇಲೆ ಹೇಳಿದ ರಕ್ತನಾಳಗಳ ಮಾತು ಇಲ್ಲಿಗೂ ಸಲ್ಲುತ್ತದೆ. ಮಕ್ಕಳಿಲ್ಲದೆ ಹತ್ತು ವರ್ಷ ಕಾದು ಪಡೆದ ಕೂಸನ್ನೇ ತಂದು ಬಿಡುತ್ತಾರೆಂದರೆ ಅವರ ಭಕ್ತಿಯ ಬಗ್ಗೆ ಸಂಶಯವಿಲ್ಲ. ಅಂಥ ಹರಕೆ ಹೊತ್ತ ಭಕ್ತರು ನಮ್ಮಲ್ಲಿ ಯಾರಾದರೂ ಇದ್ದರೆ ಮಠಕ್ಕೆ ಬನ್ನಿರಿ. ಕೂಸಿನ ತೂಕದ ಜೋಳವನ್ನು ದಾಸೋಹಕ್ಕೆ ಕೊಟ್ಟು ಹರಕೆ ತೀರಿತೆಂದು ತಿಳಿಯಿರಿ.

ಇಷ್ಟೆಲ್ಲ ಮಾಡಿಯೂ ಮಗು ಬಿತ್ತು ಎನ್ನಿ. ಬುಗುಟೆ ದೊಡ್ಡದೋ ಚಿಕ್ಕದೋ ಎಂದು ನೋಡಿ ತೀರ್ಮಾನಿಸುವುದು ನಮ್ಮಲ್ಲಿ ರೂಢಿ. ಅದು ಸರಿಯಲ್ಲ. ಅಮೆರಿಕದ 25 ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 42,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ವರ್ಷದೊಳಗಿನ ಮಗುವಿಗೆ ಹಣೆಯ ಮೇಲಿನ ಬುಗುಟೆಗಿಂತ ತಲೆಯ ಬದಿಗೆ, ಹಿಂದೆ, ಮೇಲೆ ಬಂದ ಬಾವು ಹೆಚ್ಚು ಎಚ್ಚರಿಕೆಯದು. ಅದು ಮೆತ್ತಗೆ ಒತ್ತಿದಂತೆ ಇದ್ದರಂತೂ ಒಳಗೆ ಎಲುಬು ಸೀಳಿರಬಹುದು. ಕೆಲವು ಸೆಕೆಂಡು ಎಚ್ಚರ ತಪ್ಪಿದ್ದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಸೆಳೆತ, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದು ಚಿಕ್ಕದು, ಉಬ್ಬಿದ ನೆತ್ತಿ, ಮೊಲೆ ಹಿಡಿಯದಿರುವುದು, ಒಂದೇ ಸಮನೆ ಚೀರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಹೊತ್ತು ಕಳೆಯದೆ ಹೊರಡತಕ್ಕದ್ದು. ಆ ಅಧ್ಯಯನದಲ್ಲಿ ನಮಗೆ ಮೆಚ್ಚಿಗೆಯಾದ ಇನ್ನೊಂದು ಮಾತಿದೆ. 'ನನ್ನ ಮಗು ಎಂದಿನಂತೆ ಇಲ್ಲ' ಎಂದು ಹೆತ್ತವರು ಹೇಳಿದರೆ ಅದನ್ನೂ ಒಂದು ಲಕ್ಷಣವೆಂದೇ ವೈದ್ಯರು ಎಣಿಸಿದ್ದಾರೆ. ತಾಯಿ ಹಾಗೆ ಹೇಳಿದಾಗ ಮನೆಯ ಗಂಡಸರು ತಳ್ಳಿಹಾಕಬಾರದು.

ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಗಾಯಕ್ಕೆ ಅರಿಶಿನ, ಕಾಫಿ ಪುಡಿ, ಸುಣ್ಣ ತುಂಬಬಾರದು. ಶುಭ್ರ ಬಟ್ಟೆ ಇಟ್ಟು ಒತ್ತಿ ಹಿಡಿಯಬೇಕು. ಎತ್ತರದಿಂದ ಬಿದ್ದಿದ್ದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ಇಬ್ಬರು ಮೂವರು ಕೂಡಿ ಎತ್ತಬೇಕು. ದೃಷ್ಟಿ ತಾಕಿತೆಂದು ನಿವಾಳಿಸುತ್ತ ಕೂತರೆ ಆಸ್ಪತ್ರೆಗೆ ತಲುಪಬೇಕಾದ ಹೊತ್ತು ಅಲ್ಲಿಯೇ ಹೋಗುತ್ತದೆ. ಈ ಯಾವ ಲಕ್ಷಣವೂ ಇಲ್ಲದೆ ಚಿಕ್ಕ ಎತ್ತರದಿಂದ ಬಿದ್ದು, ಅತ್ತು, ಮತ್ತೆ ಆಡತೊಡಗಿದ ಮಗುವಿಗೆ ತಣ್ಣೀರ ಬಟ್ಟೆ ಇಟ್ಟು ಒಂದು ಹಗಲು ಒಂದು ರಾತ್ರಿ ಲಕ್ಷ್ಯವಿಟ್ಟು ನೋಡಿರಿ. ಮಲಗಲು ಬಿಡಬಹುದು, ನಡುನಡುವೆ ಎಬ್ಬಿಸಿ ಗುರುತು ಹಿಡಿಯುತ್ತದೆಯೇ ನೋಡಬೇಕು. ಡಾಕ್ಟರರು ಪರೀಕ್ಷಿಸಿ ಸ್ಕ್ಯಾನ್ ಬೇಡವೆಂದರೆ ಹಣ ನಾವು ಕೊಡುತ್ತೇವೆಂದು ಹಟ ಹಿಡಿಯಬೇಡಿರಿ. ಸಿ.ಟಿ. ಸ್ಕ್ಯಾನಿನ ಕಿರಣಗಳೂ ಬೆಳೆಯುವ ಮಿದುಳಿಗೆ ಒಳ್ಳೆಯವಲ್ಲ.

ಗಡಿಯ ಈಚೆ ಆಚೆ ಎರಡೂ ಕಡೆ 108ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ. ಆಸ್ಪತ್ರೆಯಲ್ಲಿ ನಮ್ಮ ಹಳ್ಳಿಯ ತಾಯಂದಿರಿಗೆ ಆಗುವ ತೊಡಕು ಮಾತಿನದು. ಮರಾಠಿ ಬಾರದೆಂದು ಸುಮ್ಮನೆ ನಿಂತರೆ ಡಾಕ್ಟರರಿಗೆ ಬೇಕಾದ ಸಂಗತಿ ತಿಳಿಯುವುದಿಲ್ಲ. ನಾಲ್ಕು ಮಾತು ಕಲಿತಿರಿ. ತಲೆಗೆ ಪೆಟ್ಟು ಬಿದ್ದಿದೆ ಎನ್ನಲು 'ಡೋಕ್ಯಾಲಾ ಮಾರ ಲಾಗಲಾ'. ವಾಂತಿಯಾಯಿತು ಎನ್ನಲು 'ಉಲಟಿ ಝಾಲಿ'. ಎಚ್ಚರ ತಪ್ಪಿತ್ತು ಎನ್ನಲು ಗಂಡುಮಗುವಾದರೆ 'ಬೇಶುದ್ಧ ಪಡಲಾ', ಹೆಣ್ಣುಮಗುವಾದರೆ 'ಪಡಲೀ'. ಸೆಳೆತ ಬಂತು ಎನ್ನಲು 'ಫಿಟ್ ಆಲಿ'. ಅವರು 'ಕಿತಿ ಉಂಚಾವರೂನ್ ಪಡಲಾ?' ಎಂದು ಕೇಳಿದರೆ, ಎಷ್ಟು ಎತ್ತರದಿಂದ ಬಿದ್ದ ಎಂದು ಅರ್ಥ. ಟೇಪು ಹಿಡಿದು ಅಳೆದಿಟ್ಟ ಅಂಕಿ ಆಗ ಉಪಯೋಗಕ್ಕೆ ಬರುತ್ತದೆ. ಎಷ್ಟು ಗಂಟೆಗೆ ಬಿದ್ದದ್ದು, ನೆಲ ಫರಸಿಯದೋ ಮಣ್ಣಿನದೋ ಎಂಬುದನ್ನೂ ಅದರ ಕೂಡ ಹೇಳಿರಿ.